ಏರಿನಲ್ಲಿ ಬಿಗಿದುಕೊಳ್ಳುವ ಸೀಟ್ ಬೆಲ್ಟ್: ನನ್ನ ಅನುಭವ

ಮಾದಾಪುರದ ಬಳಿ ನಮ್ಮ ಮನೆ ಇರುವುದು ರಸ್ತೆಗಿಂತ ಸಾಕಷ್ಟು ಎತ್ತರದಲ್ಲಿ. ಗೇಟಿನಿಂದ ಮನೆಯವರೆಗೆ ಕಾಫಿ ಗಿಡಗಳ ನಡುವೆ ಒಂದೇ ಏರು. ಸಮತಟ್ಟಾದ ಜಾಗವೆಲ್ಲ ಕಾಫಿ ಒಣಗಿಸುವ ಕಣಕ್ಕೆ ಹೋಗಿರುವುದರಿಂದ ಕಾರನ್ನು ನಿಲ್ಲಿಸುವುದೂ ಆ ಏರಿನ ಮೇಲೆಯೇ, ಮೂತಿ ಮೇಲಕ್ಕೆ ಮಾಡಿ. ಕಳೆದ ವರ್ಷ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಮುಂದಿನ ಎಡ ಸೀಟಿನ ಬೆಲ್ಟ್ ಹಟ ಹಿಡಿಯತೊಡಗಿತು. ಒಂದು ಗೇಣು ಬಂದು ಗಕ್ಕನೆ ನಿಲ್ಲುತ್ತಿತ್ತು. ಬಿಟ್ಟು ಎಳೆದರೂ ಅಷ್ಟೇ, ಮೆಲ್ಲಗೆ ಎಳೆದರೂ ಅಷ್ಟೇ.

ಅದು ಅಮ್ಮ ಕುಳಿತುಕೊಳ್ಳುವ ಜಾಗ. ಅವರಿಗೆ ಎಪ್ಪತ್ತೆರಡು ವರ್ಷ. ಎರಡು ಸಲ ಎಳೆದು ನೋಡಿ, ‘ರಸ್ತೆಗೆ ಇಳಿದ ಮೇಲೆ ಹಾಕಿಕೊಳ್ಳುತ್ತೇನೆ, ನೀನು ಹೊರಡು’ ಎನ್ನುತ್ತಿದ್ದರು. ರಸ್ತೆಗೆ ಇಳಿದ ಮೇಲೆ ಮಾತಿನಲ್ಲಿ ಮರೆಯುತ್ತಿತ್ತು. ಎಚ್ಚರಿಕೆಯ ಸದ್ದು ಬಂದಾಗ ಒಮ್ಮೊಮ್ಮೆ ಹಾಕಿಕೊಳ್ಳುತ್ತಿದ್ದರು, ಒಮ್ಮೊಮ್ಮೆ ಇಲ್ಲ. ನಾನೂ ಒತ್ತಾಯಿಸಲಿಲ್ಲ. ಆ ತಪ್ಪು ನನ್ನದೇ.

ಒಂದು ಬೆಳಿಗ್ಗೆ ಸುಂಟಿಕೊಪ್ಪ ದಾಟಿ ಆನೆಕಾಡಿನ ತಿರುವಿನಲ್ಲಿ ಹೋಗುತ್ತಿದ್ದಾಗ ಮುಂದಿನ ಜೀಪು ಥಟ್ಟನೆ ನಿಂತಿತು. ಎಡಗಡೆಯ ಕಾಡಿನಿಂದ ಒಂದು ಹೆಣ್ಣಾನೆ, ಹಿಂದೆ ಮರಿ. ನಾನು ಬ್ರೇಕ್ ಒತ್ತಿದೆ, ಕಾರು ಸರಿಯಾಗಿಯೇ ನಿಂತಿತು. ಅಮ್ಮ ಮಾತ್ರ ನಿಲ್ಲಲಿಲ್ಲ. ಎರಡು ಕೈಗಳನ್ನೂ ಡ್ಯಾಶ್‌ಬೋರ್ಡಿಗೆ ಕೊಟ್ಟು ಮುಖವನ್ನು ಉಳಿಸಿಕೊಂಡರು, ಬಲಗೈ ಮಣಿಕಟ್ಟು ಊದಿಕೊಂಡಿತು. ಕುಶಾಲನಗರದಲ್ಲಿ ಎಕ್ಸ್-ರೇ ತೆಗೆಸಿದೆವು, ಮೂಳೆ ಮುರಿದಿರಲಿಲ್ಲ. ವೇಗ ನಲವತ್ತು ಕಿಲೋಮೀಟರ್ ಇದ್ದಿರಬಹುದು. ಅರವತ್ತಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಆ ರಾತ್ರಿ ನನ್ನನ್ನು ಮಲಗಲು ಬಿಡಲಿಲ್ಲ.

ಮರುದಿನವೇ ಕಾರು ಕೊಂಡಿದ್ದ ಡೀಲರ್ ಬಳಿ ಹೋದೆ. ಕಾರಿಗೆ ಇನ್ನೂ ವಾರಂಟಿ ಇತ್ತು. ಸರ್ವೀಸ್ ಅಡ್ವೈಸರ್ ಅವರ ಸಮತಟ್ಟಾದ ಅಂಗಳದಲ್ಲಿ ಬೆಲ್ಟನ್ನು ಎಳೆದರು. ಬೆಣ್ಣೆಯಂತೆ ಬಂತು. ಜಾಬ್ ಕಾರ್ಡಿನಲ್ಲಿ ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಕಾರನ್ನು ಹಿಂದಿರುಗಿಸಿದರು. ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ಈ ಸಲ ಸಿಕ್ಕ ಉತ್ತರ: ‘ಏರಿನಲ್ಲಿ ಬೆಲ್ಟ್ ಲಾಕ್ ಆಗುವುದು ಸಹಜ ಸರ್, ಕೊಡಗಿನ ಗಾಡಿಗಳಿಗೆಲ್ಲ ಹೀಗೆಯೇ. ನಿಧಾನವಾಗಿ ಎಳೆಯಲು ಹೇಳಿ.’ ಹೊರಡುವಾಗ ಎಚ್ಚರಿಕೆಯ ಸದ್ದು ನಿಲ್ಲಿಸಲು ಬಕಲ್‌ಗೆ ಸಿಕ್ಕಿಸುವ ಒಂದು ಲೋಹದ ಕ್ಲಿಪ್ಪನ್ನೂ ಕೊಡಲು ಬಂದರು. ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗ. ಇಂಥ ಕ್ಲಿಪ್ಪುಗಳನ್ನು ಆನ್‌ಲೈನ್ ಮಾರಾಟದಿಂದ ತೆಗೆದುಹಾಕುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲೇ ಆದೇಶಿಸಿದೆ. ಬೆಲ್ಟ್ ಹಾಕಿಕೊಳ್ಳಲು ಆಗುತ್ತಿಲ್ಲ ಎಂದು ದೂರು ತಂದವನಿಗೆ, ಹಾಕಿಕೊಂಡಿಲ್ಲ ಎಂದು ಹೇಳುವ ಸದ್ದನ್ನೇ ಅಡಗಿಸುವ ಉಪಾಯ ಕೊಡುವುದೇ? ಕ್ಲಿಪ್ಪನ್ನು ಅವರ ಮೇಜಿನ ಮೇಲೆಯೇ ಇಟ್ಟು ಬಂದೆ.

ಆದರೆ ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಆ ಅರ್ಧವನ್ನು ಅರ್ಥ ಮಾಡಿಕೊಳ್ಳದೆ ಜಗಳಕ್ಕೆ ಹೋಗಿದ್ದರೆ ನಾನು ಸೋಲುತ್ತಿದ್ದೆ. ಬೆಲ್ಟನ್ನು ಸುತ್ತಿಕೊಳ್ಳುವ ಪೆಟ್ಟಿಗೆಗೆ ರಿಟ್ರಾಕ್ಟರ್ ಎನ್ನುತ್ತಾರೆ. ಮುಂದಿನ ಬಾಗಿಲಿನ ಹಿಂಬದಿಯ ಕಂಬದೊಳಗೆ, ಕೆಳಗಡೆ, ಅದು ಕುಳಿತಿರುತ್ತದೆ. ಅದರಲ್ಲಿ ಎರಡು ಬಗೆಯ ಬೀಗಗಳಿವೆ. ಒಂದು, ಬೆಲ್ಟನ್ನು ಜೋರಾಗಿ ಎಳೆದಾಗ ಹಿಡಿಯುವುದು. ಇನ್ನೊಂದು, ಕಾರಿನ ಚಲನೆಗೆ ಹಿಡಿಯುವುದು. ಈ ಎರಡನೆಯದರಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಬಟ್ಟಲಿನಲ್ಲಿ ಗುಂಡು ಇರುತ್ತದೆ. ಕಾರು ಥಟ್ಟನೆ ನಿಂತಾಗ ಅಥವಾ ವಾಲಿದಾಗ ಗುಂಡು ಬಟ್ಟಲಿನ ಅಂಚಿಗೆ ಹತ್ತಿ ಮೇಲಿನ ಸನ್ನೆಗೋಲನ್ನು ಎತ್ತುತ್ತದೆ, ಸನ್ನೆಗೋಲು ಹಲ್ಲಿನ ಚಕ್ರವನ್ನು ಹಿಡಿಯುತ್ತದೆ. ‘ನಿಧಾನವಾಗಿ ಎಳೆಯಿರಿ’ ಎಂಬ ಸಲಹೆ ಮೊದಲನೆಯ ಬೀಗಕ್ಕೆ ಸರಿ. ಎರಡನೆಯದು ಹಿಡಿದಿದ್ದರೆ ಎಷ್ಟು ನಿಧಾನವಾಗಿ ಎಳೆದರೂ ಬೆಲ್ಟ್ ಬರುವುದಿಲ್ಲ.

ಹಾಗಾದರೆ ಎಷ್ಟು ವಾಲಿದರೆ ಹಿಡಿಯಬೇಕು? ಇದಕ್ಕೆ ಲೆಕ್ಕವಿದೆ. ಸೀಟ್ ಬೆಲ್ಟ್‌ಗಳ ಕುರಿತ ವಿಶ್ವಸಂಸ್ಥೆಯ 16ನೇ ನಿಯಮಾವಳಿಯ ಪ್ರಕಾರ, ತಯಾರಕರು ಸೂಚಿಸಿದ ಜೋಡಣೆಯ ಸ್ಥಿತಿಯಿಂದ ಯಾವ ದಿಕ್ಕಿಗಾದರೂ 12 ಡಿಗ್ರಿಯವರೆಗೆ ವಾಲಿದರೆ ರಿಟ್ರಾಕ್ಟರ್ ಬಿಗಿಯಬಾರದು, 27 ಡಿಗ್ರಿ ಮೀರಿ ವಾಲಿದರೆ ಬಿಗಿಯಲೇಬೇಕು. ಈ ಎರಡು ಸಂಖ್ಯೆಗಳು ಸಿಕ್ಕಿದ ದಿನ ನನ್ನ ಕೈಗೆ ಕೋಲು ಸಿಕ್ಕಿದಂತಾಯಿತು. ಡೀಲರ್ ಹೇಳಿದ ‘ಏರು’ ಎಂಬ ಪದಕ್ಕೆ ಈಗ ಅಳತೆ ಬಂದಿತ್ತು.

ಮೊಬೈಲಿನ ಇಳಿಜಾರು ಅಳೆಯುವ ಸೌಲಭ್ಯವನ್ನು ತೆರೆದು, ಬಾಗಿಲಿನ ಹೊಸ್ತಿಲ ಪಟ್ಟಿಯ ಮೇಲೆ ಫೋನನ್ನು ಉದ್ದಕ್ಕೆ ಇಟ್ಟೆ. ಕಣದ ಸಮತಟ್ಟಿನಲ್ಲಿ ಸೊನ್ನೆ ತೋರಿಸುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಂಡೆ. ನಾವು ಕಾರು ನಿಲ್ಲಿಸುವ ಜಾಗದಲ್ಲಿ 9 ಡಿಗ್ರಿ. ಎಡ ಬೆಲ್ಟ್ ಹಿಡಿಯಿತು. ಅದೇ ಜಾಗದಲ್ಲಿ, ಅದೇ ಕಾರಿನಲ್ಲಿ, ಚಾಲಕನ ಬೆಲ್ಟ್ ಸಲೀಸಾಗಿ ಬಂತು. ಬಳಿಕ ಕಾರನ್ನು ತಿರುಗಿಸಿ ಮೂತಿ ಕೆಳಕ್ಕೆ ಮಾಡಿ ನಿಲ್ಲಿಸಿದೆ. ಏರು ಅದೇ 9 ಡಿಗ್ರಿ. ಈಗ ಎಡ ಬೆಲ್ಟ್ ತಡೆಯಿಲ್ಲದೆ ಬಂತು! ನಾನು ಹತ್ತು ಸಲ ಎಳೆದು ನೋಡಿದೆ. ಮೇಲ್ಮುಖವಾಗಿ ನಿಂತಾಗ ಹಿಡಿದು, ಕೆಳಮುಖವಾಗಿ ನಿಂತಾಗ ಬಿಡುವುದಾದರೆ ತಪ್ಪು ನಮ್ಮ ಅಂಗಳದ್ದಲ್ಲ. ರಿಟ್ರಾಕ್ಟರೇ ಕಂಬದೊಳಗೆ ಹಿಂದಕ್ಕೆ ವಾಲಿ ಕುಳಿತಿರಬೇಕು. ಅದು ನಾಲ್ಕೈದು ಡಿಗ್ರಿ ವಾಲಿದ್ದರೂ ಮೇಲ್ಮುಖವಾಗಿ ನಿಂತಾಗ ಏರಿನ 9ಕ್ಕೆ ಅದು ಕೂಡಿಕೊಂಡು 12ನ್ನು ದಾಟುತ್ತದೆ, ಕೆಳಮುಖವಾಗಿ ನಿಂತಾಗ ಕಳೆದುಹೋಗುತ್ತದೆ.

ಅದು ವಾಲಿದ್ದು ಹೇಗೆ? ಹಳೆಯ ಬಿಲ್ಲುಗಳನ್ನು ತೆಗೆದು ನೋಡಿದೆ. ಆಗಸ್ಟಿನ ಮಳೆಯಲ್ಲಿ ಎಡ ಬಾಗಿಲಿನ ರಬ್ಬರ್ ಸಡಿಲವಾಗಿ ಕಾಲಿಡುವ ಜಾಗಕ್ಕೆ ನೀರು ಇಳಿದಿತ್ತು. ಬೂಷ್ಟು ಹಿಡಿದ ವಾಸನೆ ತಡೆಯಲಾರದೆ ಇದೇ ಡೀಲರ್ ಬಳಿ ಕಾರ್ಪೆಟ್ ತೆಗೆಸಿ ಒಣಗಿಸಿದ್ದೆ. ಎಡ ಕಂಬದ ಹೊದಿಕೆಯನ್ನು ಬಿಚ್ಚಿ ಮತ್ತೆ ಜೋಡಿಸಿದ ಕೂಲಿ ಆ ಬಿಲ್ಲಿನಲ್ಲೇ ಇತ್ತು. ಬೆಲ್ಟಿನ ತೊಂದರೆ ಶುರುವಾದದ್ದು ಅದರ ನಂತರ.

ಆ ಹೊದಿಕೆಯನ್ನು ನಾನೇ ಬಿಚ್ಚಿ ನೋಡಬಹುದಿತ್ತು, ಕೈ ತುರಿಸುತ್ತಲೂ ಇತ್ತು. ಬಿಚ್ಚಲಿಲ್ಲ. ನಮ್ಮ ಕಾರಿನ ಮುಂದಿನ ಬೆಲ್ಟ್‌ಗಳಿಗೆ ಪ್ರಿಟೆನ್ಷನರ್ ಇದೆ. ಅಪಘಾತದ ಕ್ಷಣದಲ್ಲಿ ಒಂದು ಸಣ್ಣ ಸಿಡಿಮದ್ದು ಹೊತ್ತಿ ಬೆಲ್ಟನ್ನು ಎದೆಗೆ ಬಿಗಿಯುವ ವ್ಯವಸ್ಥೆ ಅದು. ಏರ್‌ಬ್ಯಾಗ್‌ನ ನಿಯಂತ್ರಣ ಘಟಕಕ್ಕೆ ಅದರ ತಂತಿ ಸೇರಿದೆ. ಇದನ್ನು ಓದುತ್ತಿರುವವರಿಗೂ ಕೈಮುಗಿದು ಹೇಳುತ್ತೇನೆ, ತೋಟದ ಸ್ಪ್ರೇಯರ್ ಬಿಚ್ಚಿದ ಅಭ್ಯಾಸದಲ್ಲಿ ಇದಕ್ಕೆ ಕೈ ಹಾಕಬೇಡಿ. ಬೆಲ್ಟ್ ಸಲೀಸಾಗಲಿ ಎಂದು ಎಣ್ಣೆಯನ್ನೂ ಸಿಂಪಡಿಸಬೇಡಿ.

ಮೂರನೆಯ ಭೇಟಿಗೆ ನಾನು ಮಾತನಾಡಲು ಹೋಗಲಿಲ್ಲ, ಬರೆಸಲು ಹೋದೆ. ಜಾಬ್ ಕಾರ್ಡಿನಲ್ಲಿ ‘ಬೆಲ್ಟ್ ಸರಿಯಿಲ್ಲ’ ಎಂದಿದ್ದರೆ ಅವರು ಮತ್ತೆ ಸಮತಟ್ಟಿನಲ್ಲಿ ಎಳೆದು ಕಳುಹಿಸುತ್ತಾರೆ. ಹಾಗಾಗಿ ವಾಕ್ಯವನ್ನು ನಾನೇ ಬರೆದುಕೊಂಡು ಹೋಗಿದ್ದೆ: ‘9 ಡಿಗ್ರಿ ಏರಿನಲ್ಲಿ ಮೇಲ್ಮುಖವಾಗಿ ನಿಂತಾಗ ಎಡ ಮುಂಭಾಗದ ಬೆಲ್ಟ್ ಬಿಗಿಯುತ್ತದೆ, ಅದೇ ಏರಿನಲ್ಲಿ ಕೆಳಮುಖವಾಗಿ ನಿಂತಾಗ ಬಿಗಿಯುವುದಿಲ್ಲ, ಬಲ ಬೆಲ್ಟ್ ಎರಡೂ ಕಡೆ ಬಿಗಿಯುವುದಿಲ್ಲ.’ ಅಡ್ವೈಸರ್ ಬರೆಯಲು ಒಪ್ಪಲಿಲ್ಲ. ‘ಇದು ಸಹಜ ಎನ್ನುವುದಾದರೆ ಅದನ್ನೇ ಸಹಿ ಹಾಕಿ ಬರೆದುಕೊಡಿ’ ಎಂದೆ. ಅದಕ್ಕೂ ಒಪ್ಪಲಿಲ್ಲ. ವಾದ ಮಾಡದೆ ಮನೆಗೆ ಬಂದೆ.

ಆ ಸಂಜೆಯೇ ಎರಡು ಪುಟದ ಪತ್ರ ಬರೆದೆ. ಅಳತೆಗಳು, ನಾಲ್ಕು ಸಣ್ಣ ವಿಡಿಯೋಗಳ ವಿವರ, ಆಗಸ್ಟಿನ ಬಿಲ್ಲಿನ ಪ್ರತಿ, ಅಮ್ಮನ ಎಕ್ಸ್-ರೇ ಚೀಟಿ. ಬೈಗುಳ ಒಂದೂ ಇರಲಿಲ್ಲ. ಹದಿನೈದು ದಿನಗಳ ಗಡುವು ಕೊಟ್ಟು ಡೀಲರ್‌ಗೆ ಒಂದು ಪ್ರತಿ, ತಯಾರಿಕಾ ಕಂಪನಿಯ ಮುಖ್ಯ ಕಚೇರಿಗೆ ಒಂದು ಪ್ರತಿ, ಎರಡನ್ನೂ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಂಡೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಸರಿಪಡಿಸದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾಗಿ ಪತ್ರದ ಕೊನೆಯಲ್ಲಿ ತಿಳಿಸಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಡೀಲರ್ ಬೇರೆ ಜಿಲ್ಲೆಯವರಾಗಿದ್ದರೂ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಕೊಡಬೇಕು. ಪಾವತಿಸಿದ ಬೆಲೆ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ಐದರಿಂದ ಹತ್ತು ಲಕ್ಷದೊಳಗಿನ ನಮ್ಮ ಕಾರಿನಂಥದಕ್ಕೆ 200 ರೂಪಾಯಿ. ವಕೀಲರಿಲ್ಲದೆ ನಾವೇ ವಾದಿಸಬಹುದು. ದೂರಿನ ಕರಡನ್ನೂ ಬರೆದಿಟ್ಟಿದ್ದೆ, ಬಳಸುವ ಅಗತ್ಯ ಬೀಳಲಿಲ್ಲ.

ಒಂಬತ್ತನೆಯ ದಿನ ಕಂಪನಿಯ ಪ್ರಾದೇಶಿಕ ಕಚೇರಿಯಿಂದ ಕರೆ ಬಂತು. ಎಂಜಿನಿಯರ್ ಒಬ್ಬರು ಬಂದು, ಸರ್ವೀಸ್ ಕೇಂದ್ರದ ಇಳಿಜಾರಿನಲ್ಲೇ ಕಾರನ್ನು ಎರಡೂ ಮುಖವಾಗಿ ನಿಲ್ಲಿಸಿ ಬೆಲ್ಟ್ ಎಳೆದು ನೋಡಿದರು. ನಂತರ ಬ್ಯಾಟರಿಯ ಸಂಪರ್ಕ ತೆಗೆಸಿ, ಸ್ವಲ್ಪ ಹೊತ್ತು ಕಾದು, ಹೊದಿಕೆ ಬಿಚ್ಚಿಸಿದರು. ರಿಟ್ರಾಕ್ಟರ್ ತಿರುಗದಂತೆ ಕಂಬದ ರಂಧ್ರದಲ್ಲಿ ಕೂರಬೇಕಾದ ಪುಟ್ಟ ನಾಲಿಗೆ ರಂಧ್ರದ ಹೊರಗಿತ್ತು. ಅದರ ಮೇಲೆಯೇ ಬೋಲ್ಟ್ ಬಿಗಿದಿದ್ದರಿಂದ ನಾಲಿಗೆ ಬಾಗಿ ಇಡೀ ಪೆಟ್ಟಿಗೆ ಓರೆಯಾಗಿತ್ತು. ಬಾಗಿದ್ದನ್ನು ನೆಟ್ಟಗೆ ಮಾಡಿ ಕೂರಿಸಲು ಎಂಜಿನಿಯರ್ ಒಪ್ಪಲಿಲ್ಲ; ಹೊಸ ರಿಟ್ರಾಕ್ಟರನ್ನೇ ತರಿಸಿ ಹಾಕಿಸಿದರು. ಆ ಮನುಷ್ಯನ ಬಗ್ಗೆ ನನಗೆ ಗೌರವವಿದೆ.

ಬಿಲ್ಲು ಸೊನ್ನೆ. ಹಳೆಯ ಎರಡು ಜಾಬ್ ಕಾರ್ಡುಗಳನ್ನು ತೋರಿಸಿ, ಕಂಡ ಕಾರಣವನ್ನು ಹೊಸದರಲ್ಲಿ ಪೂರ್ತಿಯಾಗಿ ಬರೆಸಿಕೊಂಡೆ. ಅಡ್ವೈಸರ್ ಬರೆಯುವಾಗ ತಲೆ ಎತ್ತಲಿಲ್ಲ.

ಮನೆಗೆ ಬಂದು ಏರಿನ ಮೇಲೆ ಎಂದಿನಂತೆ ಮೂತಿ ಮೇಲಕ್ಕೆ ಮಾಡಿ ಕಾರನ್ನು ನಿಲ್ಲಿಸಿ ಅಮ್ಮನನ್ನು ಕರೆದೆ. ಅವರು ಒಳಗೆ ಕುಳಿತು, ಇನ್ನೂ ಸ್ವಲ್ಪ ನೋಯುತ್ತಿದ್ದ ಬಲಗೈಯನ್ನು ಮಡಿಲಲ್ಲಿಟ್ಟು, ಎಡಗೈಯಿಂದ ಬೆಲ್ಟನ್ನು ಎಳೆದರು. ಅದು ಬಕಲ್‌ನವರೆಗೂ ಬಂತು.