ಗ್ರೀನ್ ಕಾರ್ಡ್ ಪ್ರಾಯೋಜಕತ್ವ: ಅಮೆರಿಕದ ಕಂಪನಿ ಮಾಡಬೇಕಾದದ್ದೇನು?

ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುತ್ತಿರುವವರಿಗೆ ‘ಕಂಪನಿಯವರು ಗ್ರೀನ್ ಕಾರ್ಡ್ ಫೈಲ್ ಮಾಡ್ತಾರಂತೆ’ ಎಂಬ ಸುದ್ದಿ ಸಿಕ್ಕರೆ ಅದು ಅದೇ ದಿನ ಊರಿನ ಮನೆಗೂ ಮುಟ್ಟುತ್ತದೆ. ಆದರೆ ಈ ಪ್ರಕ್ರಿಯೆಯ ಮೊದಲ ಎರಡು ಘಟ್ಟಗಳಲ್ಲಿ ಕಾನೂನಿನ ಕಣ್ಣಿಗೆ ಅರ್ಜಿದಾರರು ಕಂಪನಿಯವರೇ. ಪರಿಶೀಲನೆಗೆ ಒಳಗಾಗುವುದೂ ಮೊದಲು ಹುದ್ದೆ, ಆಮೇಲೆ ವ್ಯಕ್ತಿ. ಸಣ್ಣ ಕಂಪನಿ ನಡೆಸುತ್ತಾ ಮೊದಲ ಬಾರಿ ಈ ಕೆಲಸಕ್ಕೆ ಕೈಹಾಕುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ನಿಯಮಗಳೆಲ್ಲ ಏಕೆ ಹೀಗಿವೆ ಎಂಬುದು ತಾನಾಗಿಯೇ ಅರ್ಥವಾಗುತ್ತದೆ.

ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳನ್ನು ಇಬಿ-1, ಇಬಿ-2, ಇಬಿ-3 ಮುಂತಾಗಿ ವರ್ಗಗಳಾಗಿ ವಿಂಗಡಿಸಿದ್ದಾರೆ. ಯಾವ ವರ್ಗ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಸ್ನಾತಕೋತ್ತರ ಪದವಿ, ಅಥವಾ ಪದವಿಯ ಜತೆಗೆ ಐದು ವರ್ಷಗಳ ಅನುಭವ ಬೇಡುವ ಹುದ್ದೆಗಳು ಇಬಿ-2ಕ್ಕೆ ಸೇರುತ್ತವೆ. ಪದವಿಯಷ್ಟೇ ಸಾಕಾಗುವ, ಅಥವಾ ಕನಿಷ್ಠ ಎರಡು ವರ್ಷಗಳ ತರಬೇತಿ ಇಲ್ಲವೇ ಅನುಭವ ಬೇಕಾದ ಹುದ್ದೆಗಳು ಇಬಿ-3ಕ್ಕೆ. ಇವೆರಡಕ್ಕೂ ಸಾಮಾನ್ಯವಾಗಿ ‘ಪರ್ಮ್’ ಎಂಬ ಕಾರ್ಮಿಕ ಪ್ರಮಾಣಪತ್ರ ಬೇಕು; ಹುದ್ದೆಗೆ ಅರ್ಹ ಅಮೆರಿಕನ್ನರು ಸಿಗಲಿಲ್ಲವೆಂದು ಅಮೆರಿಕದ ಕಾರ್ಮಿಕ ಇಲಾಖೆ ಕೊಡುವ ಪತ್ರವಿದು. ಬೆಂಗಳೂರಿನ ಶಾಖೆಯಲ್ಲಿ ಕನಿಷ್ಠ ಒಂದು ವರ್ಷ ಮ್ಯಾನೇಜರ್ ಆಗಿದ್ದು, ಅದೇ ಸಂಸ್ಥೆಯ ಅಮೆರಿಕದ ಕಚೇರಿಗೆ ಅಂಥದೇ ಹುದ್ದೆಗೆ ಹೋದವರಿಗೆ ಇಬಿ-1ರ ದಾರಿ ಇದ್ದು, ಅದಕ್ಕೆ ಪರ್ಮ್ ಬೇಕಿಲ್ಲ. ನರ್ಸ್ ಮತ್ತು ಫಿಸಿಯೋಥೆರಪಿಸ್ಟ್ ಹುದ್ದೆಗಳಿಗೂ ಜಾಹೀರಾತು ನೀಡಿ ನೇಮಕಾತಿ ನಡೆಸುವ ಪರೀಕ್ಷೆಯಿಂದ ವಿನಾಯಿತಿ ಇದೆ.

ಪರ್ಮ್‌ನ ಮೊದಲ ಹೆಜ್ಜೆ ಹುದ್ದೆಯ ಕನಿಷ್ಠ ಅರ್ಹತೆಯನ್ನು ಬರೆಯುವುದು. ಈಗಾಗಲೇ ಕೆಲಸದಲ್ಲಿರುವ ವ್ಯಕ್ತಿಯ ಬಯೋಡೇಟಾ ನೋಡಿಕೊಂಡು ಅರ್ಹತೆ ಬರೆಯುವ ಚಾಳಿ ಹಲವರಿಗಿದೆ. ಅರ್ಜಿ ಬಿದ್ದುಹೋಗಲು ಇದೊಂದೇ ಸಾಕು. ಆ ಕೆಲಸಕ್ಕೆ ನಿಜವಾಗಿ ಏನು ಬೇಕೋ ಅಷ್ಟನ್ನೇ ಕೇಳಬೇಕು. ಕನ್ನಡ ಬಲ್ಲವರೇ ಬೇಕು ಎಂದು ಬರೆದರೆ, ವ್ಯವಹಾರಕ್ಕೆ ಆ ಭಾಷೆ ಏಕೆ ಅನಿವಾರ್ಯ ಎಂಬುದಕ್ಕೆ ದಾಖಲೆ ಕೊಡಬೇಕಾಗುತ್ತದೆ. ಇದೇ ಕಂಪನಿಯಲ್ಲಿ ಗಳಿಸಿದ ಅನುಭವವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ, ಉದ್ಯೋಗಿಯು ಸೇರುವ ಮೊದಲೇ ಆ ಅರ್ಹತೆ ಪಡೆದಿದ್ದನ್ನು ಹಳೆಯ ಕಂಪನಿಗಳ ಅನುಭವ ಪತ್ರಗಳಿಂದ ತೋರಿಸಬೇಕು. ಬೆಂಗಳೂರಿನ ಹಳೆಯ ಕಂಪನಿ ಮುಚ್ಚಿಹೋಗಿದ್ದರೆ ಈ ಪತ್ರ ತರಿಸುವುದೇ ದೊಡ್ಡ ಪರದಾಟವಾಗುತ್ತದೆ, ಹೀಗಾಗಿ ಇದನ್ನು ಮೊದಲೇ ಶುರುಮಾಡುವುದು ಒಳ್ಳೆಯದು.

ಅರ್ಹತೆ ನಿಗದಿಯಾದ ಮೇಲೆ, ಆ ಊರಿನಲ್ಲಿ ಆ ಕೆಲಸಕ್ಕೆ ಚಾಲ್ತಿಯಲ್ಲಿರುವ ಸಂಬಳವೆಷ್ಟು ಎಂದು ತಿಳಿಸುವಂತೆ ಕಾರ್ಮಿಕ ಇಲಾಖೆಗೆ 9141 ಸಂಖ್ಯೆಯ ನಮೂನೆಯಲ್ಲಿ ಅರ್ಜಿ ಹಾಕಬೇಕು. ಉತ್ತರ ಬರಲು ತಿಂಗಳುಗಳೇ ಬೇಕು. ಬಂದ ಮೊತ್ತಕ್ಕಿಂತ ಒಂದು ಡಾಲರ್ ಕಡಿಮೆ ಸಂಬಳಕ್ಕೂ ಮುಂದುವರಿಯುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ನೇಮಕಾತಿಯ ಹಂತದಲ್ಲಿ. ಈ ಕೆಲಸಕ್ಕೆ ಅರ್ಹರಾದ, ಬರಲು ಸಿದ್ಧರಿರುವ ಅಮೆರಿಕನ್ನರು ಇದ್ದಾರೆಯೇ ಎಂದು ಕಂಪನಿಯು ಪ್ರಾಮಾಣಿಕವಾಗಿ ಹುಡುಕಬೇಕು. ರಾಜ್ಯದ ಉದ್ಯೋಗ ವಿನಿಮಯ ಸಂಸ್ಥೆಯಲ್ಲಿ ಮೂವತ್ತು ದಿನ ಹುದ್ದೆಯ ಪ್ರಕಟಣೆ ಇರಬೇಕು. ಎರಡು ಬೇರೆ ಬೇರೆ ಭಾನುವಾರ ಪತ್ರಿಕೆಯಲ್ಲಿ ಜಾಹೀರಾತು ಬರಬೇಕು. ಕೆಲಸವೆಲ್ಲ ಮೊಬೈಲ್‌ನಲ್ಲೇ ಹುಡುಕುವ ಈ ಕಾಲದಲ್ಲಿ, 2005ರಲ್ಲಿ ಜಾರಿಗೆ ಬಂದ ಈ ನಿಯಮ ವಿಚಿತ್ರವೆನಿಸಿದರೂ ಪಾಲಿಸದೆ ವಿಧಿಯಿಲ್ಲ. ಪದವೀಧರರ ಹುದ್ದೆಯಾದರೆ ಕಂಪನಿಯ ವೆಬ್‌ಸೈಟ್, ಉದ್ಯೋಗ ಮೇಳ, ಕ್ಯಾಂಪಸ್ ನೇಮಕಾತಿ ಮುಂತಾದ ಹತ್ತು ವಿಧಾನಗಳಲ್ಲಿ ಇನ್ನೂ ಮೂರನ್ನು ಬಳಸಬೇಕು.

ಇದರ ಜತೆಗೆ ಕೆಲಸದ ಸ್ಥಳದಲ್ಲಿ, ಎಲ್ಲರ ಕಣ್ಣಿಗೂ ಬೀಳುವಂತೆ ನೋಟಿಸ್ ಅಂಟಿಸಬೇಕು. ಊಟದ ಕೋಣೆಯ ಗೋಡೆಯಲ್ಲಿ, ಕನಿಷ್ಠ ವೇತನದ ಪೋಸ್ಟರ್ ಪಕ್ಕದಲ್ಲಿ ಇದನ್ನು ಕಾಣಬಹುದು. ಹುದ್ದೆಯ ವಿವರ, ಸಂಬಳ, ಆಕ್ಷೇಪಣೆ ಇದ್ದವರು ದಾಖಲೆ ಕಳುಹಿಸಬೇಕಾದ ಕಾರ್ಮಿಕ ಇಲಾಖೆಯ ವಿಳಾಸ ಇವಿಷ್ಟೂ ಅದರಲ್ಲಿರಬೇಕು. ಪತ್ರಿಕೆಯ ಜಾಹೀರಾತಿನಲ್ಲಿ ಸಂಬಳ ಹಾಕದಿದ್ದರೂ ನಡೆಯುತ್ತದೆ, ನೋಟಿಸಿನಲ್ಲಿ ಹಾಕಲೇಬೇಕು. ಸತತ ಹತ್ತು ಕೆಲಸದ ದಿನ ಅದು ಅಲ್ಲೇ ಇರಬೇಕು. ಅಂಟಿಸಿದ, ತೆಗೆದ ದಿನಾಂಕಗಳನ್ನು ಅದರ ಮೇಲೆಯೇ ಬರೆದು ಸಹಿ ಮಾಡಿ ಕಡತಕ್ಕೆ ಸೇರಿಸುವುದು ವಾಡಿಕೆ.

ಬಂದ ಪ್ರತಿಯೊಂದು ಅರ್ಜಿಯನ್ನೂ ಓದಿ, ಯಾರನ್ನು ಯಾವ ಕಾರಣಕ್ಕೆ ಬೇಡವೆಂದಿರಿ ಎಂದು ವರದಿ ಬರೆದಿಡಬೇಕು. ಈ ಆಯ್ಕೆಯಲ್ಲಿ ವಿದೇಶಿ ಉದ್ಯೋಗಿಯು ಕೈಯಾಡಿಸುವಂತಿಲ್ಲ. ಕಾಟಾಚಾರಕ್ಕೆ ನೇಮಕಾತಿ ನಡೆಸಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಕಂಪನಿಗಳ ಉದಾಹರಣೆಯೇ ಇದೆ. ಪರ್ಮ್ ಹುದ್ದೆಗಳನ್ನು ತಮ್ಮ ವೆಬ್‌ಸೈಟಿನಲ್ಲಿ ಪ್ರಕಟಿಸದೆ, ಅರ್ಜಿಗಳನ್ನು ಅಂಚೆಯಲ್ಲೇ ಕಳುಹಿಸುವಂತೆ ಹೇಳಿದ್ದರೆಂಬ ಆರೋಪದ ಮೇಲೆ ನ್ಯಾಯ ಇಲಾಖೆಯೊಂದಿಗೆ ಫೇಸ್‌ಬುಕ್ 2021ರಲ್ಲಿ 1.425 ಕೋಟಿ ಡಾಲರ್‌ವರೆಗಿನ, ಆಪಲ್ 2023ರಲ್ಲಿ 2.5 ಕೋಟಿ ಡಾಲರ್‌ವರೆಗಿನ ರಾಜಿ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ನೇಮಕಾತಿ ಮುಗಿದ ಮೇಲೆ ಪರ್ಮ್‌ನ ಅರ್ಜಿಯಾದ 9089 ನಮೂನೆಯನ್ನು ಕಾರ್ಮಿಕ ಇಲಾಖೆಗೆ ಸಲ್ಲಿಸಬೇಕು. ಇಲ್ಲಿ ದಿನಾಂಕದ ಲೆಕ್ಕವನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡೇ ಮಾಡುವುದು ಕ್ಷೇಮ: ಮೊದಲ ಜಾಹೀರಾತಿನಿಂದ 180 ದಿನ ದಾಟಿರಬಾರದು, ಕೊನೆಯದರಿಂದ ಸಾಮಾನ್ಯವಾಗಿ 30 ದಿನ ಕಳೆದಿರಬೇಕು. ಉದ್ಯೋಗಿಯು ಮಾಲೀಕರ ನೆಂಟನಾಗಿದ್ದರೆ ಅಥವಾ ಕಂಪನಿಯಲ್ಲಿ ಪಾಲು ಹೊಂದಿದ್ದರೆ ಅದನ್ನು ಮುಚ್ಚಿಡದೆ ತಿಳಿಸಬೇಕು. ಪರ್ಮ್‌ಗೆ ತಗಲುವ ವಕೀಲರ ಶುಲ್ಕ ಮತ್ತು ಜಾಹೀರಾತಿನ ಖರ್ಚನ್ನು 2007ರಿಂದ ಕಂಪನಿಯೇ ಭರಿಸಬೇಕು. ಉದ್ಯೋಗಿಯ ಸಂಬಳದಲ್ಲಿ ಹಿಡಿದುಕೊಳ್ಳುವುದು ಕಾನೂನುಬಾಹಿರ. ‘ನಾನೇ ಕೊಡ್ತೀನಿ ಬಿಡಿ ಸರ್’ ಎಂದು ಉದ್ಯೋಗಿ ಒಪ್ಪಿದರೂ ತೆಗೆದುಕೊಳ್ಳುವಂತಿಲ್ಲ.

ಪ್ರಮಾಣಪತ್ರ ಮಂಜೂರಾದ ದಿನದಿಂದ 180 ದಿನಗಳೊಳಗೆ ವಲಸೆ ಸೇವಾ ಸಂಸ್ಥೆಗೆ ಐ-140, ಅಂದರೆ ಈ ಉದ್ಯೋಗಿಗಾಗಿ ಕಂಪನಿ ಹಾಕುವ ವಲಸೆ ಅರ್ಜಿ, ಹೋಗಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ಈ ಘಟ್ಟದಲ್ಲಿ ನೋಡುವುದು ಕಂಪನಿಗೆ ಆ ಸಂಬಳ ಕೊಡುವ ಶಕ್ತಿ ಇದೆಯೇ ಎಂಬುದನ್ನು. ಈಗಾಗಲೇ ಅಷ್ಟು ಸಂಬಳ ಕೊಡುತ್ತಿದ್ದರೆ ಅದೇ ಉತ್ತಮ ಪುರಾವೆ. ಇಲ್ಲದಿದ್ದರೆ ಆದಾಯ ತೆರಿಗೆ ರಿಟರ್ನ್ಸ್‌ನಂಥ ದಾಖಲೆಗಳಲ್ಲಿ ಸಾಕಷ್ಟು ನಿವ್ವಳ ಲಾಭ ಅಥವಾ ನಿವ್ವಳ ಚಾಲ್ತಿ ಆಸ್ತಿ ಕಾಣಬೇಕು. ತೆರಿಗೆ ಉಳಿಸಲೆಂದು ಲಾಭವನ್ನು ಸೊನ್ನೆಗೆ ಇಳಿಸಿದ ಸಣ್ಣ ಕಂಪನಿಗಳು ಸಿಕ್ಕಿಬೀಳುವುದು ಇಲ್ಲಿಯೇ.

ಐ-140 ಮಂಜೂರಾದ ಮೇಲೂ ಗ್ರೀನ್ ಕಾರ್ಡ್ ಬರುವುದು ಸರದಿಯಂತೆ. ವರ್ಷಕ್ಕೆ ಸುಮಾರು 1,40,000 ಉದ್ಯೋಗ ಆಧಾರಿತ ವೀಸಾಗಳಿದ್ದು, ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ 7ರ ಮಿತಿ ಇದೆ. ಪರ್ಮ್ ಸಲ್ಲಿಸಿದ ದಿನವೇ ‘ಪ್ರಯಾರಿಟಿ ಡೇಟ್’, ಅಂದರೆ ಸಾಲಿನಲ್ಲಿ ಸರದಿ ಲೆಕ್ಕಹಾಕುವ ದಿನಾಂಕ. 2025ರಲ್ಲಿ ಭಾರತದ ಇಬಿ-2, ಇಬಿ-3 ಸಾಲುಗಳಲ್ಲಿ 2012–13ರ ದಿನಾಂಕದವರ ಸರದಿ ನಡೆಯುತ್ತಿತ್ತು ಎಂಬುದನ್ನು ನೆನೆದರೆ, ಪರ್ಮ್ ಅನ್ನು ‘ಮುಂದಿನ ವರ್ಷ ನೋಡೋಣ’ ಎಂದು ತಳ್ಳುವ ಕಂಪನಿಯು ಉದ್ಯೋಗಿಗೆ ಮಾಡುವ ನಷ್ಟ ಎಂಥದೆಂದು ತಿಳಿಯುತ್ತದೆ. ಐ-140 ಮಂಜೂರಾಗಿ ಸರದಿ ಬಾರದಿರುವವರಿಗೆ ಎಚ್-1ಬಿಯನ್ನು ಅದರ ಸಾಮಾನ್ಯ ಮಿತಿಯಾದ ಆರು ವರ್ಷಗಳಾಚೆಗೂ ಮೂರು ಮೂರು ವರ್ಷ ವಿಸ್ತರಿಸಿಕೊಳ್ಳುವ ಅವಕಾಶವಿದೆ.

ಸರದಿ ಬಂದಾಗ ಗ್ರೀನ್ ಕಾರ್ಡ್ ಕೋರುವ ಕೊನೆಯ ಅರ್ಜಿಯಾದ ಐ-485 ಸಲ್ಲಿಸುವವರು ಉದ್ಯೋಗಿಯೇ. ಅದು ಬಾಕಿ ಇದ್ದು 180 ದಿನ ಕಳೆದ ಮೇಲೆ ಅಂಥದೇ ಕೆಲಸಕ್ಕೆ ಬೇರೆ ಕಂಪನಿ ಸೇರಿದರೂ ಅರ್ಜಿ ಬೀಳುವುದಿಲ್ಲ. ಉದ್ಯೋಗಿ ಬಿಟ್ಟು ಹೋದರೆಂದು ಕಂಪನಿಯು ಕಡತ ಎಸೆಯುವಂತಿಲ್ಲ. ಜಾಹೀರಾತಿನ ಪ್ರತಿ, ನೋಟಿಸ್, ಬಂದ ಅರ್ಜಿಗಳು, ನೇಮಕಾತಿ ವರದಿ ಎಲ್ಲವನ್ನೂ ಪರ್ಮ್ ಸಲ್ಲಿಸಿದ ದಿನದಿಂದ ಐದು ವರ್ಷ ಕಾಪಿಟ್ಟಿರಬೇಕು.