ಒಂದೇ ಜೆರ್ಸಿ, ಎರಡು ಹೆಸರು

ನಮ್ಮಂಥ ಹವ್ಯಾಸಿಗಳ ಸೈಕಲ್ ರೇಸಿನಲ್ಲಿ ಟೀಮ್ ಅಂದರೆ ಇಷ್ಟೇ: ಎಲ್ಲರೂ ಸ್ವಂತ ದುಡ್ಡು ಹಾಕಿ ಒಂದೇ ಬಣ್ಣದ ಜೆರ್ಸಿ ಮಾಡಿಸಿಕೊಂಡಿರುತ್ತೇವೆ. ಬಹುಮಾನದ ಕವರಿನ ಮೇಲೆ ಮಾತ್ರ ಒಬ್ಬನದೇ ಹೆಸರು. ಯೂರೋಪಿನ ವೃತ್ತಿಪರ ತಂಡಗಳಲ್ಲಿ ನಾಯಕನ ಮುಂದೆ ಗಾಳಿ ಸೀಳಿ, ಅವನಿಗೆ ನೀರಿನ ಬಾಟಲಿ ಹೊತ್ತು ತರುವವನಿಗೆ ಸಂಬಳವಿದೆ. ನಾಯಕ ಗೆದ್ದರೆ ಬಹುಮಾನದಲ್ಲಿ ಪಾಲು ಕೊಡುವ ರೂಢಿಯೂ ಇದೆ. ನಮ್ಮಲ್ಲಿ ಯಾರು ಯಾಕೆ ಇನ್ನೊಬ್ಬನಿಗಾಗಿ ದುಡಿಯಬೇಕು? ವಾರವಿಡೀ ಆಫೀಸು, ನಸುಕಿಗೆ ಎದ್ದು ಪ್ರಾಕ್ಟೀಸು. ಇಷ್ಟೆಲ್ಲ ಮಾಡಿ ಭಾನುವಾರ ಬೇರೊಬ್ಬನನ್ನು ಗೆಲ್ಲಿಸಲು ಹೊರಟಿದ್ದೇನೆ ಅಂದರೆ ಮನೆಯಲ್ಲಿ ಒಪ್ಪುವುದಿರಲಿ, ಅರ್ಥವೂ ಆಗುವುದಿಲ್ಲ.

ಅದಕ್ಕೇ ನಾನೂ ನನ್ನ ಜೊತೆಗಾರನೂ ರೇಸಿನ ಹಿಂದಿನ ದಿನವೇ ಕೂತು ಕರಾರು ಮಾಡಿಕೊಳ್ಳುವುದು. ಅವನು ಬಾಗಲಕೋಟೆ ಕಡೆಯವನು. ವಿಜಯಪುರ, ಬಾಗಲಕೋಟೆ, ಗದಗ ಸೀಮೆಯಿಂದ ರಾಷ್ಟ್ರಮಟ್ಟಕ್ಕೆ ಹೋದ ಸೈಕಲ್ ಪಟುಗಳು ಎಷ್ಟೋ ಜನ. ರೇಸ್ ನೋಡುತ್ತಲೇ ಬೆಳೆದವನಿಗೆ ಯಾರ ಕಾಲು ಸೋತಿದೆ ಅನ್ನುವುದು ಹಿಂದಿನಿಂದ ನೋಡಿದರೇ ತಿಳಿಯುತ್ತದೆ. ಹಗುರ ಮೈ, ಏರು ಬಂದರೆ ಹಾರುತ್ತಾನೆ. ನಾನು ಭಾರದವನು. ಸಪಾಟು ರಸ್ತೆಯಲ್ಲಿ ಎಳೆಯಬಲ್ಲೆ, ಅಂದರೆ ಮುಂದೆ ನಿಂತು ಗಾಳಿ ಸೀಳಬಲ್ಲೆ; ಕೊನೆಯ ಸ್ಪ್ರಿಂಟಿನಲ್ಲಿ ನನ್ನದೇ ಕೈ ಮೇಲು ಅಂತ ಇಬ್ಬರ ಎಣಿಕೆ.

ಕರಾರು ದೊಡ್ಡದೇನಲ್ಲ. ಒಬ್ಬ ಮುಂದೆ ತಪ್ಪಿಸಿಕೊಂಡು ಹೋದರೆ ಇನ್ನೊಬ್ಬ ಬೆನ್ನಟ್ಟುವಂತಿಲ್ಲ. ಅವನನ್ನು ಸೇರಿಕೊಳ್ಳಬಹುದು, ಆದರೆ ಚಕ್ರಕ್ಕೆ ಅಂಟಿಸಿಕೊಂಡು ಬೇರೆ ಯಾರನ್ನೂ ಕರೆದುಕೊಂಡು ಹೋಗಬಾರದು. ಇನ್ನು ಇಬ್ಬರೇ ಉಳಿದರೆ? ಕೊನೆಯ 200 ಮೀಟರ್‌ವರೆಗೆ ಸಮಸಮ ಎಳೆಯುವುದು, ಆಮೇಲೆ ಅವರವರ ಕಾಲು ಅವರವರಿಗೆ. ಈ ಮೂರನೆಯದನ್ನು ಹಟ ಹಿಡಿದು ಸೇರಿಸಿದ್ದು ಅವನೇ. “ಕೊನೀಗೆ ಇಬ್ರೇ ಉಳದ್ರ ನಾ ಏನ್ ಬಿಟ್ಟು ಕೊಡಂಗಿಲ್ಲ ನೋಡು” ಅಂದ. ನನಗೂ ಅದೇ ಬೇಕಿತ್ತು.

ಆ ಸಲದ ರೇಸು ಜುಲೈನಲ್ಲಿ, ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯದ ಕಡೆ ಹೋಗಿ ಬರುವ ದಾರಿ. ಮುಂಗಾರಿನ ತಿಂಗಳುಗಳಲ್ಲಿ ಬೆಂಗಳೂರಿನ ಸುತ್ತ ಗಾಳಿ ಪಡುವಣದಿಂದಲೇ ಬೀಸುವುದು. ಉತ್ತರಕ್ಕೆ ಹೊರಟವನಿಗೆ ಅದು ಎಡಗಡೆಯಿಂದ ಬಡಿಯುತ್ತದೆ. ಸೈಕಲ್ ರೇಸಿನ ಲೆಕ್ಕಾಚಾರವೆಲ್ಲ ಇರುವುದು ಗಾಳಿಯಲ್ಲೇ: ವೇಗ ಎರಡು ಪಟ್ಟಾದರೆ ಗಾಳಿಯ ವಿರುದ್ಧ ಎಂಟು ಪಟ್ಟು ಶಕ್ತಿ ಬೇಕು. ಇನ್ನೊಬ್ಬನ ಮರೆಯಲ್ಲಿ ಓಡಿಸುವವನಿಗೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಉಳಿತಾಯ. ಎದುರುಗಾಳಿಯಾದರೆ ಆ ಮರೆ ನೇರ ಹಿಂದೆ ಸಿಗುತ್ತದೆ. ಎಡದಿಂದ ಗಾಳಿ ಬಂದರೆ ಬಲಕ್ಕೆ ಸರಿದು, ಓರೆಯಾಗಿ ಸಾಲುಗಟ್ಟಬೇಕು.

ಆದರೆ ನಮ್ಮ ರೇಸುಗಳಿಗೆ ರಸ್ತೆ ಪೂರ್ತಿ ಬಂದ್ ಮಾಡುವುದಿಲ್ಲ. ಹಾಲಿನ ಕ್ಯಾನ್ ಕಟ್ಟಿದ ಟಿವಿಎಸ್ ಎಕ್ಸೆಲ್ ಎದುರು ಬಂದರೂ ಬಂತೇ. ಹಾಗಾಗಿ ನಡುಗೆರೆ ದಾಟಿದವನು ರೇಸಿನಿಂದ ಹೊರಗೆ. ಅಂದರೆ ಓರೆ ಸಾಲಿನಲ್ಲಿ ಜಾಗ ಇರುವುದು ನಾಲ್ಕೈದು ಜನಕ್ಕೆ ಮಾತ್ರ. ಆರನೆಯವನಿಂದ ಹಿಂದಕ್ಕೆ ಎಲ್ಲರೂ ಗೆರೆಯ ಪಕ್ಕ ಒಬ್ಬರ ಹಿಂದೊಬ್ಬರು, ಗಾಳಿಗೆ ಪೂರ್ತಿ ಮೈಯೊಡ್ಡಿಕೊಂಡು.

ಇದನ್ನು ತಿಳಿದೇ ಹಿಂದಿನ ದಿನ ದಾರಿ ನೋಡಿ ಬಂದಿದ್ದೆವು. ಮರಗಳ ಸಾಲು ಮುಗಿದು ಬಯಲು ತೆರೆದುಕೊಳ್ಳುವ ತಿರುವಿಗಿಂತ ಸ್ವಲ್ಪ ಮೊದಲು ಇಬ್ಬರೂ ಮುಂದಕ್ಕೆ ಬಂದೆವು. ತಿರುವು ಮುಗಿದದ್ದೇ ನಾನು ಜೋರಾಗಿ ಎಳೆದೆ. ಆಮೇಲೆ ಬೇಕೆಂದೇ ಬಲಕ್ಕೆ, ನಡುಗೆರೆಯ ಹತ್ತಿರಕ್ಕೆ ಸರಿಯುತ್ತಾ ಹೋದೆ. ನನ್ನ ಬಲಗಡೆ ಒಬ್ಬನಿಗೆ ಮಾತ್ರ ಜಾಗ. ಅಲ್ಲಿ ನನ್ನ ಜೊತೆಗಾರ ಕೂತಿದ್ದ. ಉಳಿದವರಿಗೆ ಮರೆಯೇ ಇಲ್ಲ. ಇದು ಒಳ್ಳೆಯ ಬುದ್ಧಿಯಲ್ಲ ಅನ್ನಬಹುದು, ಆದರೆ ನಿಯಮಕ್ಕೆ ವಿರುದ್ಧವೂ ಅಲ್ಲ. ಗುಂಪು ಹರಿದು ಚೂರಾಯಿತು. ಏರು ಬರುವ ಹೊತ್ತಿಗೆ ನಮ್ಮ ಜೊತೆ ಉಳಿದವರು ಇಬ್ಬರೇ: ಟೈಮ್ ಟ್ರಯಲ್‌ನಲ್ಲಿ, ಅಂದರೆ ಗಡಿಯಾರದ ಎದುರು ಒಬ್ಬೊಬ್ಬರೇ ಓಡಿಸುವ ರೇಸಿನಲ್ಲಿ, ಹೆಸರು ಮಾಡಿದ ಒಬ್ಬ ಎತ್ತರದ ಆಸಾಮಿ, ಇನ್ನೊಬ್ಬ ಕಾಲೇಜು ಹುಡುಗ.

ತಿರುಗಿ ಹೊರಟಾಗ ನಾಲ್ವರೂ ಸರದಿಯಲ್ಲಿ ಎಳೆದೆವು. ಹಿಂದಿನ ಗುಂಪು ಕಣ್ಣಿಗೆ ಕಾಣದಷ್ಟು ದೂರವಾಗುವ ತನಕ ಟೀಮು ಗೀಮು ಏನೂ ಇಲ್ಲ. ಅಲ್ಲಿವರೆಗೆ ಕಳ್ಳಾಟ ಆಡಿದವನು ಎಲ್ಲರ ಜೊತೆ ತಾನೂ ಮುಳುಗುತ್ತಾನೆ. ನಮ್ಮ ಆಟ ಶುರುವಾದದ್ದು ಕೊನೆಯ ಆರೇಳು ಕಿಲೋಮೀಟರಿನಲ್ಲಿ.

ಮೊದಲು ನಾನು ಅಟ್ಯಾಕ್ ಮಾಡಿದೆ, ಅಂದರೆ ತಪ್ಪಿಸಿಕೊಳ್ಳಲು ಒಮ್ಮೆಲೇ ವೇಗ ಏರಿಸಿದೆ. ಎತ್ತರದವನು ಬೆನ್ನಟ್ಟಿದ, ಅವನ ಚಕ್ರದಲ್ಲಿ ನನ್ನ ಜೊತೆಗಾರ ಆರಾಮಾಗಿ ಕೂತಿದ್ದ. “ನೀನೂ ಎಳಿ” ಅಂತ ಎತ್ತರದವನು ಜೊತೆಗಾರನಿಗೆ ಹೇಳುವಂತಿಲ್ಲ, ಮುಂದಿರುವುದು ಜೊತೆಗಾರನದೇ ಟೀಮು. ಇಬ್ಬರಿರುವುದರ ನಿಜವಾದ ಲಾಭ ಇದು, ಎಳೆಯದೇ ಇರಲು ಎಲ್ಲರೂ ಒಪ್ಪುವ ನೆಪ. ನನ್ನನ್ನು ಹಿಡಿದು ಎತ್ತರದವನು ಉಸಿರು ಬಿಟ್ಟನೋ ಇಲ್ಲವೋ, ಜೊತೆಗಾರ ಪಕ್ಕದಿಂದ ಹಾರಿದ. ಎತ್ತರದವನು ಹುಡುಗನ ಮುಖ ನೋಡಿದ, ಹುಡುಗ ಅವನ ಮುಖ ನೋಡಿದ. ಆ ನೋಟದಲ್ಲೇ ಐವತ್ತು ಮೀಟರ್ ಹೋಯಿತು.

ಆಮೇಲೆ ನನ್ನ ಕೆಲಸ ಸುಮ್ಮನೆ ಕೂರುವುದು. ಕಾಲಿನಲ್ಲಿ ಶಕ್ತಿ ಇದೆ, ಗೆಲುವು ಕಣ್ಣೆದುರು ದೂರ ಹೋಗುತ್ತಿದೆ, ಪೆಡಲ್ ತುಳಿಯುವಂತಿಲ್ಲ. ರೇಸಿನಲ್ಲಿ ನನಗೆ ಇದಕ್ಕಿಂತ ಕಷ್ಟದ್ದು ಯಾವುದೂ ಇಲ್ಲ. ನಂದಿ ಬೆಟ್ಟ ಹತ್ತುವುದೇ ವಾಸಿ. ಕೊನೆಯ ಸಣ್ಣ ದಿಣ್ಣೆಯಲ್ಲಿ ಮುಂದಿನ ಇಬ್ಬರ ಹೆಗಲೂ ತೂಗಾಡತೊಡಗಿತು. ಅಲ್ಲಿ ಎದ್ದು ಹೊಡೆದೆ. ಮೇಲೆ ಹೋಗಿ ತಿರುಗಿ ನೋಡಿದೆ, ಹಿಂದೆ ಯಾರೂ ಅಂಟಿಕೊಂಡಿರಲಿಲ್ಲ. ಕರಾರು ಮುರಿದಂತಾಗಲಿಲ್ಲ.

ಜೊತೆಗಾರನನ್ನು ಸೇರಿದಾಗ ಅವನು ತಲೆಯನ್ನೂ ತಿರುಗಿಸಲಿಲ್ಲ. “ಬಂದ್ಯಾ? ಎಳಿ ಹಂಗಾರ” ಅಂದ.

ಎಳೆದೆವು, ಸಮಸಮವಾಗಿಯೇ. ಬರುವಾಗ ದಿಕ್ಕು ದಕ್ಷಿಣ, ಗಾಳಿ ಈಗ ಬಲಗಡೆಯಿಂದ. ಕೊನೆಯ ಸರದಿ ನನ್ನದಾಗಿತ್ತು. ಅವನು ನನ್ನ ಹಿಂದೆ ಅಲ್ಲ, ತುಸು ಎಡಕ್ಕೆ ಬಂದು ನಿಂತ. ನನ್ನ ಮೈಯೇ ಅವನಿಗೆ ಗೋಡೆ. ಅಲ್ಲಿಂದಲೇ ಸ್ಪ್ರಿಂಟ್ ಶುರು ಮಾಡಿದ. ನಾನೂ ಎದ್ದೆ, ಪಕ್ಕಕ್ಕೆ ಬಂದೆ, ಆದರೆ ಇಡೀ ಹೊತ್ತು ಗಾಳಿ ತಿಂದವನು ನಾನು. ಅರ್ಧ ಚಕ್ರದ ಅಂತರದಲ್ಲಿ ಅವನು ಗೆದ್ದ.

ಕಾಫಿ ಕುಡಿಯುವಾಗ ಕ್ಲಬ್ಬಿನವರು ಗೊಣಗಿದರು: ಹೇಗೂ ಒಂದೇ ಟೀಮು, ಇಬ್ಬರೂ ಕೈ ಹಿಡಿದುಕೊಂಡು ಗೆರೆ ದಾಟಿದ್ದರೆ ಫೋಟೋ ಎಷ್ಟು ಚೆನ್ನಾಗಿರುತ್ತಿತ್ತು! 1986ರ ಟೂರ್ ಡಿ ಫ್ರಾನ್ಸ್‌ನಲ್ಲಿ ಅಂಥದ್ದೊಂದು ಫೋಟೋ ಇದೆ. ಲಾ ವಿ ಕ್ಲೇರ್ ತಂಡದ ಬರ್ನಾರ್ಡ್ ಇನೋ ಮತ್ತು ಗ್ರೆಗ್ ಲೆಮಾಂಡ್ ಆಲ್ಪ್ ದ್ಯುಎಜ್ ಅನ್ನುವ ಬೆಟ್ಟದ ಏರಿನ ಮೇಲೆ ನಗುತ್ತಾ ಒಟ್ಟಿಗೆ ಬಂದರು. ಈ ಸಲ ನಿನಗೆ ಸಹಾಯ ಮಾಡುತ್ತೇನೆ ಅಂತ ಇನೋ ಮೊದಲೇ ಮಾತು ಕೊಟ್ಟಿದ್ದ. ಕೊಟ್ಟ ಮೇಲೂ ಅದೇ ಟೂರಿನಲ್ಲಿ ಅಟ್ಯಾಕ್ ಮಾಡಿದ್ದ. ಆಲ್ಪ್ ದ್ಯುಎಜ್ ಮುಗಿಸಿ ಟೂರ್ ಇನ್ನೂ ಮುಗಿದಿಲ್ಲ ಅಂದುಬಿಟ್ಟ. ಕೊನೆಗೆ ಗೆದ್ದದ್ದು ಲೆಮಾಂಡೇ, ಆದರೆ ತನ್ನದೇ ತಂಡದವನ ಬಗ್ಗೆ ಕೊನೆವರೆಗೂ ಎಚ್ಚರದಿಂದಿರಬೇಕಾಯಿತು. ಬಾಯಿಮಾತಿನ ಔದಾರ್ಯದ ಗತಿ ಇಷ್ಟೇ. ನಮ್ಮದು ಔದಾರ್ಯವಿಲ್ಲದ ಕರಾರು, ಅದಕ್ಕೇ ಈಗಲೂ ಒಂದೇ ಕಾರಿನಲ್ಲಿ ಎರಡು ಸೈಕಲ್ ಕಟ್ಟಿಕೊಂಡು ರೇಸಿಗೆ ಹೋಗುತ್ತೇವೆ.

ಮೊದಲ ಮತ್ತು ಎರಡನೆಯ ಬಹುಮಾನ ಒಟ್ಟು ಮಾಡಿ ಅರ್ಧರ್ಧ ಹಂಚಿಕೊಂಡೆವು. ಹೊಸ ಟೈರು ಬಂದವು, ಸ್ವಲ್ಪ ಮಿಕ್ಕಿತು.

ಜಗಳ ಆದದ್ದು ಬೇರೆ ವಿಷಯಕ್ಕೆ. ಅವನು ಸ್ಪ್ರಿಂಟಿಗೆ ಎದ್ದಾಗ ನನ್ನ ಸೈಕಲ್ಲಿನ ದೂರ ಅಳೆಯುವ ಕಂಪ್ಯೂಟರಿನ ಪ್ರಕಾರ ಇನ್ನೂ 230 ಮೀಟರ್ ಬಾಕಿಯಿತ್ತು, ಅವನದರಲ್ಲಿ ಸರಿಯಾಗಿ 200. ಅವನದು ಚಕ್ರದ ಸೆನ್ಸರ್ ಲೆಕ್ಕ, ನನ್ನದು ಜಿಪಿಎಸ್. ಅಷ್ಟು ದೂರ ಓಡಿದ ಮೇಲೆ ಎರಡೂ ಒಂದೇ ಅಂಕಿ ತೋರಿಸುವುದು ಅಪರೂಪ. ಹಾಗಾಗಿ ಕರಾರಿನಿಂದ ಮೀಟರ್ ಲೆಕ್ಕ ತೆಗೆದೇ ಹಾಕಿದ್ದೇವೆ. ಈಗ ಶನಿವಾರ ದಾರಿ ನೋಡಲು ಹೋದಾಗ ಗೆರೆಗೆ ಮುಂಚೆ ಇರುವ ಒಂದು ಕರೆಂಟ್ ಕಂಬವನ್ನೋ ಮೈಲಿಗಲ್ಲನ್ನೋ ಇಬ್ಬರೂ ಮುಟ್ಟಿ ಗೊತ್ತು ಮಾಡಿಕೊಂಡು ಬರುತ್ತೇವೆ.