ಕಾಫಿ ಲೋಟಕ್ಕೆ ಹಣ್ಣಿನ ಸಕ್ಕರೆ ಹಾಕುವ ಮುನ್ನ

ಚಿಕ್ಕಮಗಳೂರಿನ ಮನೆಗಳಲ್ಲಿ ಯಾರಿಗಾದರೂ ಮಧುಮೇಹ ಕಾಣಿಸಿಕೊಂಡರೆ ಮೊದಲು ಕತ್ತರಿ ಬೀಳುವುದು ಕಾಫಿಯ ಸಕ್ಕರೆಗೆ. ಅದರ ಬದಲಿಗೆ ಹಣ್ಣಿನ ಸಕ್ಕರೆಯನ್ನು, ಅಂದರೆ ಫ್ರಕ್ಟೋಸ್ ಪುಡಿಯನ್ನು ತರುವವರು ಅದರ ಒಂದು ಗುಣವನ್ನು ತಿಳಿದಿರಬೇಕು: ಬಿಸಿಯಲ್ಲಿ ಅದರ ಸಿಹಿ ಕುಗ್ಗುತ್ತದೆ. ತಣ್ಣನೆಯ ನಿಂಬೆ ಪಾನಕದಲ್ಲಿ ಸಕ್ಕರೆಯನ್ನು ಮೀರಿಸುವ ಅದೇ ಪುಡಿ, ಹಬೆಯಾಡುವ ಕಾಫಿಯಲ್ಲಿ ಹೆಚ್ಚುಕಡಿಮೆ ಸಕ್ಕರೆಯಷ್ಟೇ ಸಿಹಿ ಕೊಡುವುದರಿಂದ, ಕೈ ತಾನಾಗಿಯೇ ಇನ್ನರ್ಧ ಚಮಚಕ್ಕೆ ಹೋಗುತ್ತದೆ. ಎರಡರಲ್ಲೂ ಗ್ರಾಂಗೆ ಸುಮಾರು 4 ಕ್ಯಾಲೊರಿ ಇರುವಾಗ ಈ ಬದಲಾವಣೆಯಿಂದ ಲಾಭವೇನು?

ಆದ್ದರಿಂದ ಫ್ರಕ್ಟೋಸನ್ನು ತಣ್ಣನೆಯ ಪಾನೀಯಕ್ಕೆ ಮೀಸಲಿಡಿ. ಸಕ್ಕರೆಯ ಮೂರರಲ್ಲಿ ಎರಡು ಪಾಲು ಹಾಕಿ, ತಣ್ಣಗಾದ ಮೇಲೆಯೇ ರುಚಿ ನೋಡಿ. ಕೇಕಿಗೆ ಬಳಸಿದರೆ ಬೇಗ ಕಂದುಬಣ್ಣಕ್ಕೆ ತಿರುಗುವುದರಿಂದ ಉರಿ ತಗ್ಗಿಸಬೇಕು. ಕಾಫಿಗಾದರೆ, ವಾರಕ್ಕೆ ಕಾಲು ಚಮಚದಂತೆ ಸಿಹಿಯನ್ನೇ ಇಳಿಸುತ್ತ ಹೋಗುವುದು ನನ್ನ ಮಟ್ಟಿಗೆ ಉತ್ತಮ ದಾರಿ.

ಫ್ರಕ್ಟೋಸ್ ರಕ್ತದ ಗ್ಲೂಕೋಸನ್ನು ಸಕ್ಕರೆಯಷ್ಟು ಏರಿಸುವುದಿಲ್ಲ ಎಂಬುದು ನಿಜ. ಆದರೆ ಅದರ ಬಹುಪಾಲು ಯಕೃತ್ತಿಗೆ ಹೋಗುತ್ತದೆ. ದಿನವೂ ಅತಿಯಾದರೆ ಅಲ್ಲಿ ಕೊಬ್ಬಾಗಿ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಮತ್ತು ಯೂರಿಕ್ ಆಮ್ಲವನ್ನೂ ಹೆಚ್ಚಿಸಬಲ್ಲದು. ಗ್ಲೂಕೋಮೀಟರಿನ ಅಂಕಿ ಇದನ್ನೇನೂ ತೋರಿಸದ ಕಾರಣ, ಅದನ್ನು ನೋಡಿ ನಿಶ್ಚಿಂತರಾಗುವಂತಿಲ್ಲ. ಒಮ್ಮೆಗೇ ಹೆಚ್ಚು ಸೇವಿಸಿದರೆ ಕೆಲವರಿಗೆ ಹೊಟ್ಟೆಯುಬ್ಬರ, ಭೇದಿಯೂ ಆಗುತ್ತದೆ. ಗೌಟ್, ಅಂದರೆ ಯೂರಿಕ್ ಆಮ್ಲ ಹೆಚ್ಚಾಗಿ ಬರುವ ಕೀಲುನೋವು ಇರುವವರು ದೂರವಿರುವುದೇ ಲೇಸು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ ಸೇರಿಸಿದ ಸಕ್ಕರೆ ಆಹಾರಶಕ್ತಿಯ ಶೇ. 10ಕ್ಕಿಂತ ಕಡಿಮೆಯಿರಬೇಕು, 2000 ಕ್ಯಾಲೊರಿ ಉಣ್ಣುವವರಿಗೆ ಇದು ಸುಮಾರು 50 ಗ್ರಾಂ, ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಮಲೆನಾಡಿನ ಜೇನುತುಪ್ಪ, ಜೋನಿಬೆಲ್ಲ, ಹಣ್ಣಿನ ರಸ ಎಲ್ಲವೂ ಈ ಲೆಕ್ಕದೊಳಗೇ ಬರುತ್ತವೆ. ಇಡಿಯಾಗಿ ತಿನ್ನುವ ಕಿತ್ತಳೆ ಬರುವುದಿಲ್ಲ. ಅದರ ನಾರು ಮತ್ತು ಜಗಿಯುವ ನಿಧಾನವೇ ಕಡಿವಾಣ.

ಇನ್ನೊಂದು ಎಚ್ಚರಿಕೆ: ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಅಂಶ ಕುಸಿದು ಬೆವರು, ನಡುಕ ಶುರುವಾದಾಗ ಫ್ರಕ್ಟೋಸ್ ಕೊಡಬೇಡಿ, ಅದು ಬೇಗ ಕೆಲಸ ಮಾಡುವುದಿಲ್ಲ. ತೋಟಕ್ಕೆ ಹೊರಡುವಾಗ ಅವರ ಜೇಬಿನಲ್ಲಿರಬೇಕಾದದ್ದು ಗ್ಲೂಕೋಸ್ ಪುಡಿಯ ಪೊಟ್ಟಣ.